ಹದಿನೈದು ಅಡಿಗಳ ದೂರ

1962ನೆಯ ಇಸವಿ ಮಾರ್ಚ್ 2ರ ರಾತ್ರಿ. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಚಾಕೊಲೇಟಿನ ತಯಾರಿಕೆಗೆ ಹೆಸರಾದ ಹರ್ಷಿ ಎಂಬ ಸಣ್ಣ ಊರು. ಅಲ್ಲಿಯ ಕ್ರೀಡಾಮಂದಿರದಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ತಂಡಕ್ಕೂ ನ್ಯೂಯಾರ್ಕ್ ನಿಕ್ಸ್ ತಂಡಕ್ಕೂ ಬ್ಯಾಸ್ಕೆಟ್‌ಬಾಲ್ ಪಂದ್ಯ. ನೆರೆದಿದ್ದ ಪ್ರೇಕ್ಷಕರು ಕೇವಲ 4,124 ಮಂದಿ. ಆಟ ಮುಗಿಯುವ ವೇಳೆಗೆ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಒಬ್ಬನೇ 100 ಅಂಕಗಳನ್ನು ಗಳಿಸಿದ್ದನು. ಆ ಲೀಗಿನಲ್ಲಿ ಅಂದಿನಿಂದ ಇಂದಿನವರೆಗೆ ಬೇರೊಬ್ಬ ಆಟಗಾರನು ಒಂದು ಪಂದ್ಯದಲ್ಲಿ ಆ ಸಂಖ್ಯೆಯನ್ನು ಮುಟ್ಟಿಲ್ಲ.

ಏಳು ಅಡಿ ಒಂದು ಅಂಗುಲ ಎತ್ತರದ ಆ ಮಹಾಕಾಯನು ನೂರು ಅಂಕ ಗಳಿಸಿದ್ದು ಆಶ್ಚರ್ಯವಾದರೂ ಅದರೊಳಗಿನ ಇನ್ನೊಂದು ಲೆಕ್ಕ ಅದಕ್ಕಿಂತ ಕುತೂಹಲಕರವಾದುದು. ಅಂದು ಅವನಿಗೆ 32 ‘ಫ್ರೀ ಥ್ರೋ’ಗಳು ದೊರೆತವು, ಅವುಗಳಲ್ಲಿ 28ನ್ನು ಅವನು ಸಫಲಗೊಳಿಸಿದನು. ಫ್ರೀ ಥ್ರೋ ಎಂದರೆ ಚೇಂಬರ್ಲೇನನಿಗೆ ಸಿಂಹಸ್ವಪ್ನವೆಂಬುದು ಎಲ್ಲರೂ ಬಲ್ಲ ಸಂಗತಿಯಾಗಿತ್ತು. ಅಂತಹವನು ಆ ರಾತ್ರಿ ಗೆದ್ದದ್ದು ಹೇಗೆ? ಚೆಂಡನ್ನು ಎರಡು ಕೈಗಳಲ್ಲಿ ಹಿಡಿದು, ಮಂಡಿಗಳ ನಡುವೆ ಇಳಿಸಿ, ಹಸುಗೂಸನ್ನು ಮೇಲಕ್ಕೆತ್ತಿ ಆಡಿಸುವವರಂತೆ ಕೆಳಗಿನಿಂದ ಮೇಲಕ್ಕೆ ತೂರಿ ಗೆದ್ದನು. ಆ ವಿಧಾನದಿಂದ ಅವನಿಗೆ ಲಾಭವಾಯಿತೆಂಬುದನ್ನು ಲೆಕ್ಕದ ಪುಸ್ತಕಗಳೇ ಹೇಳುತ್ತವೆ. ಹಿಂದಿನ ವರ್ಷ ನೂರಕ್ಕೆ 50ರಷ್ಟಿದ್ದ ಅವನ ಸಫಲತೆ ಆ ವರ್ಷ 61ಕ್ಕೆ ಏರಿತು. ಅವನ ಆಟದ ಬಾಳಿನಲ್ಲಿ ಅದೇ ಅತ್ಯುತ್ತಮ. ಆದರೆ ಕೆಲಕಾಲದ ಬಳಿಕ ಅವನು ಆ ವಿಧಾನವನ್ನು ಕೈಬಿಟ್ಟನು. 1967-68ರ ಹೊತ್ತಿಗೆ ಅವನ ಸಫಲತೆ 38ಕ್ಕೆ ಕುಸಿದಿತ್ತು. ಗೆಲ್ಲಿಸಿದ ದಾರಿಯನ್ನು ಬಿಟ್ಟು ಸೋಲಿಸುವ ದಾರಿಗೆ ಅವನೇಕೆ ಮರಳಿದನು? ಇದಕ್ಕೆ ಉತ್ತರ ಕಾಣಬೇಕಾದರೆ ಮೊದಲು ಆ ಎಸೆತದ ಸ್ವರೂಪವನ್ನು ಅರಿಯಬೇಕು.

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಕಲ್ಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಆಡಿದ ಆಟವದು. ಅವರು ಬರೆದ ಮೊದಲ 13 ನಿಯಮಗಳಲ್ಲಿ ಫ್ರೀ ಥ್ರೋ ಇರಲಿಲ್ಲ. ಅದು ಕೆಲವು ವರ್ಷಗಳ ಅನಂತರ ಸೇರಿತು. ಎದುರಾಳಿಯು ಅನ್ಯಾಯವಾಗಿ ತಡೆದಾಗ, ತಡೆಗೆ ಗುರಿಯಾದವನಿಗೆ ಪರಿಹಾರವಾಗಿ ದೊರೆಯುವ ಎಸೆತವೇ ಇದು. ಆರಂಭದ ದಿನಗಳಲ್ಲಿ ತಂಡದಲ್ಲಿ ಗುರಿ ಬಲ್ಲವನೊಬ್ಬನೇ ಎಲ್ಲರ ಪರವಾಗಿ ಎಸೆಯಬಹುದಾಗಿತ್ತು. 1920ರ ದಶಕದಲ್ಲಿ ಆ ಸೌಲಭ್ಯ ಹೋಯಿತು. ಪೆಟ್ಟು ತಿಂದವನೇ ಗೆರೆಯ ಬಳಿಗೆ ಹೋಗಬೇಕು, ಅವನೇ ಎಸೆಯಬೇಕು ಎಂದಾಯಿತು.

ಆಟದ ಉಳಿದ ಭಾಗವೆಲ್ಲ ಓಟ, ನೆಗೆತ, ನೂಕುನುಗ್ಗಲು. ಫ್ರೀ ಥ್ರೋದಲ್ಲಿ ಮಾತ್ರ ಎಲ್ಲವೂ ನಿಶ್ಚಲ. ಗೆರೆಯಿಂದ ಹಲಗೆಗೆ 15 ಅಡಿ. ನೆಲದಿಂದ ಬಳೆಗೆ 10 ಅಡಿ. ಬಳೆಯ ಅಡ್ಡಳತೆ 18 ಅಂಗುಲ. ಚೆಂಡಿನ ಅಡ್ಡಳತೆ ಒಂಬತ್ತೂವರೆ ಅಂಗುಲದ ಆಸುಪಾಸು. ತಡೆಯುವವರಿಲ್ಲ, ಗಾಳಿಯಿಲ್ಲ, ಬಿಸಿಲಿಲ್ಲ. ಎಸೆಯಲು ಅಮೆರಿಕದ ವೃತ್ತಿಪರ ಲೀಗಿನಲ್ಲಿ 10 ಸೆಕೆಂಡು, ಅಂತರರಾಷ್ಟ್ರೀಯ ನಿಯಮದಲ್ಲಿ 5 ಸೆಕೆಂಡು ಅವಕಾಶವುಂಟು. ಇಷ್ಟೆಲ್ಲ ಅನುಕೂಲವಿದ್ದ ಮೇಲೆ, ಬಾಲ್ಯದಿಂದ ಇದನ್ನೇ ಉಸಿರಾಡಿದ ವೃತ್ತಿಪರರು ಎಂದೂ ತಪ್ಪಬಾರದಷ್ಟೆ. ವಾಸ್ತವವು ಬೇರೆ. ಆ ಲೀಗಿನ ಸರಾಸರಿ ಸಫಲತೆ ಹಲವು ದಶಕಗಳಿಂದ ನೂರಕ್ಕೆ 75ರ ಆಚೀಚೆಯಲ್ಲಿಯೇ ನಿಂತಿದೆ. ಆಟಗಾರರು ಎತ್ತರವಾದರು, ಬಲಿಷ್ಠರಾದರು, ತರಬೇತಿಯ ರೀತಿ ಬದಲಾಯಿತು. ಆದರೂ ಬಹುಕಾಲ ನಾಲ್ಕು ಎಸೆತಗಳಲ್ಲಿ ಒಂದು ವ್ಯರ್ಥವಾಗುವುದು ತಪ್ಪಲಿಲ್ಲ.

ಇದರಲ್ಲಿ ಮೊದಲ ಪಾಲು ಗಣಿತದ್ದು. ಬಾವಿಯೊಂದರ ಬಾಯಿಯನ್ನು ಮೇಲಿನಿಂದ ಬಗ್ಗಿ ನೋಡಿದರೆ ದುಂಡಗೆ ಕಾಣುತ್ತದೆ. ದೂರದಲ್ಲಿ ನಿಂತು ನೋಡಿದರೆ ಚಪ್ಪಟೆಯಾಗಿ ತೋರುತ್ತದೆ. ಬಳೆಯ ಕಡೆಗೆ ಹಾರುವ ಚೆಂಡಿಗೂ ಹೀಗೆಯೇ. ಅದು ನೇರವಾಗಿ ಮೇಲಿನಿಂದ ಬಿದ್ದರೆ 18 ಅಂಗುಲದ ಬಾಯಿ ಪೂರ್ಣವಾಗಿ ತೆರೆದಿರುತ್ತದೆ. 45 ಡಿಗ್ರಿ ಓರೆಯಲ್ಲಿ ಇಳಿದರೆ ಆ ಬಾಯಿ ಸುಮಾರು ಹನ್ನೆರಡೂಮುಕ್ಕಾಲು ಅಂಗುಲಕ್ಕೆ ಕುಗ್ಗುತ್ತದೆ. 30 ಡಿಗ್ರಿಗೆ ಇಳಿದರೆ ಉಳಿಯುವುದು 9 ಅಂಗುಲ ಮಾತ್ರ. ಚೆಂಡು ಅದಕ್ಕಿಂತ ದೊಡ್ಡದು. ಬಳೆಗೆ ತಾಗದೆ ಒಳಹೋಗುವುದು ಆಗ ಅಸಾಧ್ಯ. ಹಾಗೆಂದು ಚೆಂಡನ್ನು ಆಕಾಶಕ್ಕೆ ಎತ್ತಿ ಎಸೆದರೂ ಪ್ರಯೋಜನವಿಲ್ಲ. ಅಷ್ಟು ಎತ್ತರಕ್ಕೆ ಕಳುಹಿಸಲು ಹೆಚ್ಚು ಬಲ ಬೇಕು; ಬಲ ಹೆಚ್ಚಿದಷ್ಟೂ ಕೈಯ ಹಿಡಿತ ತಪ್ಪುತ್ತದೆ. ಬ್ರೂಕ್ಲಿನ್ ಕಾಲೇಜಿನ ಭೌತವಿಜ್ಞಾನಿ ಪೀಟರ್ ಬ್ರಾಂಕಾಜಿಯೋ ಅವರು 1981ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಎರಡರ ನಡುವಣ ಹದವನ್ನು ಲೆಕ್ಕ ಹಾಕಿ ತೋರಿಸಿದರು. ಅತ್ಯಲ್ಪ ಬಲದಿಂದ ಬಳೆಯನ್ನು ಮುಟ್ಟಿಸುವ ಕೋನದ ಆಸುಪಾಸಿನಲ್ಲಿಯೇ ಸಣ್ಣ ತಪ್ಪುಗಳಿಗೆ ಕ್ಷಮೆಯೂ ಹೆಚ್ಚು ಎಂಬುದು ಅದರ ಸಾರ.

2008ರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾನಿಲಯದ ಚೌ ಟ್ರಾನ್ ಮತ್ತು ಲ್ಯಾರಿ ಸಿಲ್ವರ್‌ಬರ್ಗ್ ಅವರು ಗಣಕಯಂತ್ರದಲ್ಲಿ ಲಕ್ಷಾಂತರ ಎಸೆತಗಳನ್ನು ಕಲ್ಪಿಸಿ ಈ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಏಳು ಅಡಿ ಎತ್ತರದಿಂದ ಚೆಂಡನ್ನು ಬಿಡುವವನು ಸುಮಾರು 52 ಡಿಗ್ರಿ ಕೋನದಲ್ಲಿ ಬಿಡಬೇಕು. ಚೆಂಡು ಸೆಕೆಂಡಿಗೆ ಮೂರು ಸುತ್ತಿನಂತೆ ಹಿಮ್ಮುಖವಾಗಿ ತಿರುಗುತ್ತಿರಬೇಕು. ಗುರಿಯು ಬಳೆಯ ನಟ್ಟನಡುವೆ ಇರದೆ ಹಿಂಭಾಗದತ್ತ ತುಸು ಸರಿದಿರಬೇಕು ಎಂದು ಅವರು ಕಂಡುಕೊಂಡರು. ಹಿಮ್ಮುಖದ ತಿರುಗಿನಿಂದ ಏನು ಲಾಭ? ಚೆಂಡು ಹಲಗೆಗೋ ಬಳೆಯ ಹಿಂಚಿಗೋ ಬಡಿದಾಗ ಆ ತಿರುಗು ಅದರ ವೇಗವನ್ನು ನುಂಗಿ, ಹೊರಕ್ಕೆ ಪುಟಿಯಗೊಡದೆ ಕೆಳಕ್ಕೆ ಎಳೆಯುತ್ತದೆ.

ಚೇಂಬರ್ಲೇನನ ಕೆಳಗೈ ಎಸೆತವನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದು ಕೈಯಿಂದ ಎಸೆಯುವಾಗ ಮೊಣಕೈ, ಮಣಿಕಟ್ಟು, ಬೆರಳು ಇವುಗಳಲ್ಲಿ ಯಾವುದೊಂದು ತುಸು ಓರೆಯಾದರೂ ಚೆಂಡು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಎರಡು ಕೈಗಳೂ ಸಮವಾಗಿ ತೂಗಿದಾಗ ಒಂದರ ದೋಷವನ್ನು ಇನ್ನೊಂದು ತಡೆಯುತ್ತದೆ. ತೋಳುಗಳು ಸಹಜವಾಗಿ ಜೋತುಬಿದ್ದಿರುವುದರಿಂದ ಬಿಗಿತವಿಲ್ಲ. ಚೆಂಡು ಮೆಲ್ಲನೆ, ಹಿಮ್ಮುಖವಾಗಿ ತಿರುಗುತ್ತ ಬಂದು ಬಳೆಯ ಮೇಲೆ ಕೂರುತ್ತದೆ. ಹಾಗೆಂದು ಇದೊಂದೇ ಸರಿಯಾದ ಮಾರ್ಗವೆಂದಲ್ಲ. ಸ್ಟೀವ್ ನ್ಯಾಷ್, ಸ್ಟೀಫನ್ ಕರಿ ಮೊದಲಾದವರು ಎಲ್ಲರಂತೆ ಮೇಲುಗೈಯಿಂದ ಎಸೆದೇ ನೂರಕ್ಕೆ 90ನ್ನು ಮೀರಿದ್ದಾರೆ. ಆದರೆ ಮೇಲುಗೈ ಒಲಿಯದವನಿಗೆ ಕೆಳಗೈ ಒಂದು ಊರುಗೋಲಾಗಬಲ್ಲದು.

ಎರಡನೆಯ ಪಾಲು ಅಭ್ಯಾಸದ್ದು. 1993ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಟಾಮ್ ಆ್ಯಂಬೆರಿ ಎಂಬ ನಿವೃತ್ತ ಪಾದವೈದ್ಯರು ತಮ್ಮ 71ನೆಯ ವಯಸ್ಸಿನಲ್ಲಿ ಒಂದೂ ತಪ್ಪದೆ ಸಾಲಾಗಿ 2,750 ಫ್ರೀ ಥ್ರೋಗಳನ್ನು ಎಸೆದರು. ಸುಮಾರು ಹನ್ನೆರಡು ಗಂಟೆಗಳ ಕಾಲ ನಡೆದ ಆ ಕಾರ್ಯವು ನಿಂತದ್ದು ಕೈಸೋತುದರಿಂದಲ್ಲ. ವ್ಯಾಯಾಮಶಾಲೆಯ ಬಾಗಿಲು ಹಾಕುವ ಹೊತ್ತಾದುದರಿಂದ. 1996ರಲ್ಲಿ ಫ್ಲಾರಿಡಾದ ಟೆಡ್ ಸೇಂಟ್ ಮಾರ್ಟಿನ್ ಎಂಬವರು ಸಾಲಾಗಿ 5,221 ಎಸೆದು ಅದನ್ನೂ ಮೀರಿಸಿದರು. ಎತ್ತರವಾಗಲಿ ಯೌವನವಾಗಲಿ ಈ ಕಲೆಗೆ ಅತ್ಯವಶ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪ್ರತಿಯೊಂದು ಎಸೆತಕ್ಕೂ ಮೊದಲು ಅದೇ ನಿಲುವು, ಚೆಂಡನ್ನು ಅಷ್ಟೇ ಸಲ ನೆಲಕ್ಕೆ ಪುಟಿಸುವುದು, ಅದೇ ಉಸಿರು: ಈ ನಿಯಮಬದ್ಧತೆಯೇ ಅವರ ಬಂಡವಾಳ. ಸ್ಟೀವ್ ನ್ಯಾಷನು ಚೆಂಡು ಕೈಗೆ ಬರುವ ಮುನ್ನವೇ ಬರಿಗೈಯಿಂದ ಎಸೆತವನ್ನು ಅಭಿನಯಿಸಿಕೊಳ್ಳುತ್ತಿದ್ದನು.

ಅಭ್ಯಾಸದೊಡನೆ ಕಣ್ಣನ್ನೂ ಹೇಳಬೇಕು. ಕ್ಯಾಲ್ಗರಿ ವಿಶ್ವವಿದ್ಯಾನಿಲಯದ ಜೋನ್ ವಿಕರ್ಸ್ ಅವರು ಆಟಗಾರರ ದೃಷ್ಟಿಯ ಚಲನೆಯನ್ನು ಅಳೆಯುವ ಉಪಕರಣವನ್ನು ತೊಡಿಸಿ ಪರೀಕ್ಷಿಸಿ, 1996ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ನುರಿತವರ ದೃಷ್ಟಿ ಎಸೆಯುವ ಮುನ್ನ ಬಳೆಯ ಒಂದು ಬಿಂದುವಿನಲ್ಲಿ ಹೆಚ್ಚು ಕಾಲ ನೆಲಸುತ್ತಿತ್ತು; ಅಷ್ಟು ನುರಿಯದವರ ದೃಷ್ಟಿ ಬೇಗನೆ ಅತ್ತಿತ್ತ ಹಾರುತ್ತಿತ್ತು. ಮರದ ಮೇಲಣ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ದ್ರೋಣನು ಶಿಷ್ಯರನ್ನು ಕೇಳಿದ ಕಥೆಯನ್ನು ಬಲ್ಲ ವಾಚಕರಿಗೆ ಇದು ಹೊಸದೆನಿಸಲಾರದು. ಕಥೆ ಹೇಳಿದ್ದನ್ನು ಉಪಕರಣವು ಸೆಕೆಂಡಿನ ಲೆಕ್ಕದಲ್ಲಿ ತೋರಿಸಿತು, ಅಷ್ಟೆ.

ಆದರೆ ಆ್ಯಂಬೆರಿಯವರ ಎದುರಿಗೆ ಎದುರಾಳಿಯಿರಲಿಲ್ಲ, ಗಡಿಯಾರವಿರಲಿಲ್ಲ, ಸೋತರೆ ತಲೆತಗ್ಗಿಸಬೇಕಾದ ತಂಡವಿರಲಿಲ್ಲ. ಮೂರನೆಯ ಪಾಲು ಇಲ್ಲಿಂದ ಮೊದಲಾಗುತ್ತದೆ, ಅದು ಮನಸ್ಸಿನದು. ಬಳೆಯ ಹಿಂದೆ ಕುಳಿತ ಎದುರು ಪಕ್ಷದ ಅಭಿಮಾನಿಗಳು ಬಣ್ಣದ ಕೋಲುಗಳನ್ನು ಬೀಸುತ್ತ, ಕಿರುಚುತ್ತ ಎಸೆಯುವವನ ಚಿತ್ತವನ್ನು ಕೆಡಿಸಲು ಹವಣಿಸುವುದು ಅಮೆರಿಕದಲ್ಲಿ ವಾಡಿಕೆ. ಇದರಿಂದ ಪರಿಣಾಮವೇನೆಂಬುದನ್ನು ಟೋಬಿ ಮಾಸ್ಕೊವಿಟ್ಸ್ ಮತ್ತು ಜಾನ್ ವರ್ಥೈಮ್ ಎಂಬವರು ಎರಡು ದಶಕಗಳ ಅಂಕಿಗಳಿಂದ ಪರೀಕ್ಷಿಸಿ, 2011ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ತಮ್ಮೂರಿನಲ್ಲಿ ಆಡುವವರ ಸಫಲತೆಯೂ ಪರವೂರಿನಲ್ಲಿ ಆಡುವವರ ಸಫಲತೆಯೂ ಒಂದೇ, ನೂರಕ್ಕೆ ಸುಮಾರು 76. ಸಹಸ್ರಾರು ಕಂಠಗಳು ಒಟ್ಟಾಗಿ ಕೂಗಿದರೂ ಅಪರಿಚಿತರ ಗದ್ದಲ ಎಸೆಯುವ ಕೈಯನ್ನು ಅಲುಗಿಸದು.

ಹಾಗಾದರೆ ಅಲುಗಿಸುವುದು ಯಾವುದು? ಅದೇ 2011ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯು ಸಮಬಲದ ಪಂದ್ಯಗಳ ಕಡೆಯ ಕ್ಷಣಗಳನ್ನು ಬೇರ್ಪಡಿಸಿ ನೋಡಿತು. ಪಂದ್ಯದ ಭವಿಷ್ಯವೇ ಒಂದು ಎಸೆತದ ಮೇಲೆ ನಿಂತಾಗ ಅದೇ ಆಟಗಾರರ ಸಫಲತೆ ನೂರಕ್ಕೆ 5ರಿಂದ 10ರಷ್ಟು ಇಳಿಯುತ್ತಿತ್ತು. ದೂರವು ಹೆಚ್ಚಿಲ್ಲ, ಬಳೆಯು ಕಿರಿದಾಗಿಲ್ಲ. ತಪ್ಪಿದರೆ ಏನಾದೀತೆಂಬ ಎಣಿಕೆಯೊಂದು ಮಾತ್ರ ನಡುವೆ ಬಂದು ನಿಂತಿದೆ.

1995ರ ಜೂನ್ 7ರಂದು ನಿಕ್ ಆ್ಯಂಡರ್ಸನನಿಗೆ ಒದಗಿದ ಗತಿಯನ್ನು ಕಂಡವರು ಇದನ್ನು ಮರೆಯಲಾರರು. ಲೀಗಿನ ಅಂತಿಮ ಸರಣಿಯ ಮೊದಲ ಪಂದ್ಯ. ಅವನ ಒರ್ಲ್ಯಾಂಡೋ ತಂಡವು ಹ್ಯೂಸ್ಟನ್ನಿಗಿಂತ ಮೂರು ಅಂಕ ಮುಂದಿತ್ತು. ಉಳಿದಿದ್ದ ಕಾಲ ಸುಮಾರು ಹತ್ತು ಸೆಕೆಂಡು. ಆ್ಯಂಡರ್ಸನನಿಗೆ ಎರಡು ಫ್ರೀ ಥ್ರೋಗಳು ದೊರೆತವು. ಒಂದನ್ನು ಗೆದ್ದರೂ ಪಂದ್ಯ ಬಹುಮಟ್ಟಿಗೆ ಕೈಸೇರಿದಂತೆಯೇ. ಎರಡೂ ತಪ್ಪಿದವು. ಪುಟಿದ ಚೆಂಡನ್ನು ಅವನೇ ಹಿಡಿದನು. ಮತ್ತೆ ಫೌಲ್ ಆಯಿತು. ಮತ್ತೆ ಎರಡು ಎಸೆತ. ಅವೂ ತಪ್ಪಿದವು. ಹ್ಯೂಸ್ಟನ್ನಿನ ಕೆನ್ನಿ ಸ್ಮಿತ್ ದೂರದಿಂದ ಎಸೆದು ಮೂರು ಅಂಕ ಗಳಿಸಿ ಸಮಮಾಡಿದನು. ಹೆಚ್ಚುವರಿ ಅವಧಿಯಲ್ಲಿ ಒರ್ಲ್ಯಾಂಡೋ ಸೋತಿತು, ಮುಂದೆ ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಕಳೆದುಕೊಂಡಿತು. ಆ ವರ್ಷ ನೂರಕ್ಕೆ 70ರಷ್ಟು ಸಫಲನಾಗಿದ್ದ ಆ್ಯಂಡರ್ಸನನು 1996-97ರಲ್ಲಿ 40ಕ್ಕೆ ಇಳಿದನು. ಕೈ ಅದೇ, ಗೆರೆ ಅದೇ. ಆದರೆ ಪ್ರತಿಸಲ ಅಲ್ಲಿಗೆ ಹೋದಾಗಲೂ ಅವನೊಡನೆ ಆ ನಾಲ್ಕು ಎಸೆತಗಳು ಹೋಗುತ್ತಿದ್ದವು.

ಕೆಲವೊಮ್ಮೆ ಇದು ತಿರುಗುಮುರುಗಾಗುವುದೂ ಉಂಟು. 1997ರ ಡಿಸೆಂಬರ್ 29ರಂದು ಡಲ್ಲಾಸ್ ತಂಡದ ಶಿಕ್ಷಕ ಡಾನ್ ನೆಲ್ಸನ್ ಒಂದು ಉಪಾಯ ಹೂಡಿದನು. ಶಿಕಾಗೋ ತಂಡದ ಡೆನಿಸ್ ರಾಡ್‌ಮನ್ ಫ್ರೀ ಥ್ರೋದಲ್ಲಿ ದುರ್ಬಲ. ಅವನನ್ನೇ ಬೇಕೆಂದು ಫೌಲ್ ಮಾಡುತ್ತ ಹೋದರೆ ಶಿಕಾಗೋ ಅಂಕಗಳಿಲ್ಲದೆ ಬಳಲೀತೆಂದು ಅವನ ಲೆಕ್ಕ. ಅದಕ್ಕಾಗಿ ನಿಯೋಜಿತನಾದ ಬಬ್ಬಾ ವೆಲ್ಸ್ ಮೂರು ನಿಮಿಷ ತುಂಬುವ ಮೊದಲೇ ಆರು ಫೌಲ್ ಮಾಡಿ ಹೊರನಡೆದನು. ಎಲ್ಲರೂ ತನ್ನನ್ನು ಕೈಲಾಗದವನೆಂದು ಬಹಿರಂಗವಾಗಿ ಸಾರಿದ ಮೇಲೆ ರಾಡ್‌ಮನ್ ಮಾಡಿದ್ದೇನು? 12ರಲ್ಲಿ 9ನ್ನು ಸಫಲಗೊಳಿಸಿದನು. ಶಿಕಾಗೋ ಗೆದ್ದಿತು.

ಇನ್ನು ಚೇಂಬರ್ಲೇನನ ಪ್ರಶ್ನೆ ಉಳಿಯಿತು. ಅದಕ್ಕೆ ಮೊದಲು ರಿಕ್ ಬ್ಯಾರಿಯ ಕಥೆಯನ್ನು ಕೇಳಬೇಕು. ಕೆಳಗೈ ಎಸೆತಕ್ಕೆ ಅಮೆರಿಕದಲ್ಲಿ ‘ಅಜ್ಜಿಯ ಎಸೆತ’ವೆಂಬ ಅಡ್ಡಹೆಸರುಂಟು. ಬ್ಯಾರಿಯ ತಂದೆ ಮಗನಿಗೆ ಅದನ್ನೇ ಕಲಿಯೆಂದು ಒತ್ತಾಯಿಸಿದಾಗ, ಹುಡುಗಿಯರು ಎಸೆಯುವ ರೀತಿ ತನಗೆ ಬೇಡವೆಂದು ಹುಡುಗನು ಹಟ ಹಿಡಿದಿದ್ದನು. ಕಡೆಗೆ ಒಪ್ಪಿಕೊಂಡು ಆಡಿದ ಒಂದು ಪಂದ್ಯದಲ್ಲಿ ಪ್ರೇಕ್ಷಕನೊಬ್ಬನು ಅವನನ್ನು ಗೇಲಿ ಮಾಡಿದನು. ಪಕ್ಕದಲ್ಲಿ ಕುಳಿತವನು, ಗುರಿ ತಪ್ಪದವನನ್ನು ಗೇಲಿಮಾಡಿ ಫಲವೇನು ಎಂದು ಕೇಳಿದನು. ಈ ಪ್ರಸಂಗವನ್ನು ಬ್ಯಾರಿಯೇ ಹೇಳಿಕೊಂಡಿದ್ದಾನೆ. ಅವನು ಮುಂದೆ ವೃತ್ತಿಪರನಾಗಿ 1980ರವರೆಗೆ ಆಡಿದನು. ಆ ಲೀಗಿನಲ್ಲಿ ಅವನ ಒಟ್ಟು ಸಫಲತೆ ನೂರಕ್ಕೆ 90, 1978-79ರಲ್ಲಿ 94.7. ನಕ್ಕವರು ನಗುತ್ತಲೇ ಇದ್ದರು; ಚೆಂಡು ಬಳೆಯೊಳಗೆ ಬೀಳುತ್ತಲೇ ಇತ್ತು.

ಚೇಂಬರ್ಲೇನನ ಉತ್ತರವು ಅವನ ಆತ್ಮಕಥೆಯಲ್ಲಿಯೇ ದೊರೆಯುತ್ತದೆ. ಕೆಳಗೈಯಿಂದ ಎಸೆಯುವಾಗ ತಾನು ಹೆಣ್ಣಿಗನಂತೆ, ನಗೆಪಾಟಲಾದವನಂತೆ ಅನಿಸುತ್ತಿತ್ತೆಂದೂ, ಬಿಟ್ಟದ್ದು ತಪ್ಪೆಂಬುದು ತನಗೆ ಗೊತ್ತೆಂದೂ, ಆದರೂ ತನ್ನಿಂದಾಗಲಿಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ವಿದ್ಯೆ ಇಲ್ಲದೆ ಸೋತವನಲ್ಲ ಅವನು. ಬಲ್ಲ ವಿದ್ಯೆಯನ್ನು ನಾಚಿಕೆಗಾಗಿ ಬಿಟ್ಟುಕೊಟ್ಟವನು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಯಿತು. ತನ್ನ ಆಟದ ಬಾಳಿನಲ್ಲಿ ಅವನಿಗೆ ದೊರೆತ ಫ್ರೀ ಥ್ರೋಗಳು 11,862, ತಪ್ಪಿಸಿಕೊಂಡವು 5,805. ಅವನ ಅನಂತರದ ತಲೆಮಾರಿನ ಭೀಮಕಾಯ ಶಕೀಲ್ ಓನೀಲನದೂ ಇದೇ ಕಥೆ. ಅವನ ಒಟ್ಟು ಸಫಲತೆ ನೂರಕ್ಕೆ 53ನ್ನು ಮುಟ್ಟಲಿಲ್ಲ. 2000ದ ಡಿಸೆಂಬರಿನ ಒಂದು ಪಂದ್ಯದಲ್ಲಿ ಎಸೆದ ಹನ್ನೊಂದೂ ತಪ್ಪಿದವು. ಆದರೂ ಕೆಳಗೈಯಿಂದ ಎಸೆಯುವುದಕ್ಕಿಂತ ಒಂದೂ ಗೆಲ್ಲದಿರುವುದೇ ಲೇಸೆಂದು ಅವನು ಹೇಳಿದನು.

ದೊಡ್ಡವರನ್ನು ದೂರುವುದು ಸುಲಭ. ಬ್ಯಾರಿಯ ಮನೆಯಲ್ಲಿಯೇ ನಡೆದದ್ದನ್ನು ನೋಡಿದರೆ ಆ ನಾಚಿಕೆಯ ಬಲವು ಎಷ್ಟೆಂಬುದು ತಿಳಿಯುತ್ತದೆ. ಅವನ ಐವರು ಗಂಡುಮಕ್ಕಳೂ ಬ್ಯಾಸ್ಕೆಟ್‌ಬಾಲ್ ಆಡಿದರು. ಮೂವರು ತಂದೆ ಆಡಿದ ಲೀಗಿನಲ್ಲಿಯೇ ಆಡಿದರು. ಆ ಎಸೆತದಲ್ಲಿ ತಂದೆಗಿಂತ ಉತ್ತಮ ಗುರು ಲೋಕದಲ್ಲಿ ಇರಲಿಲ್ಲ. ಆದರೂ ಹಿರಿಯರು ನಾಲ್ಕು ಮಂದಿಯ ಹಾದಿಯಲ್ಲಿಯೇ ನಡೆದು ಮೇಲುಗೈಯಿಂದ ಎಸೆದರು. ಕಿರಿಯವನಾದ ಕ್ಯಾನ್ಯನ್ ಒಬ್ಬನು ಮಾತ್ರ ತಂದೆಯ ರೀತಿಯನ್ನು ಹಿಡಿದನು. 2016-17ರಲ್ಲಿ ಫ್ಲಾರಿಡಾ ವಿಶ್ವವಿದ್ಯಾನಿಲಯದ ಪರವಾಗಿ ಆಡುತ್ತ, ಗೆರೆಯ ಬಳಿ ನಿಂತು, ಮಂಡಿ ಬಾಗಿಸಿ, ಎರಡು ಕೈಗಳಿಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತೂರುತ್ತಿದ್ದನು. ಎದುರು ಪಕ್ಷದ ವಿದ್ಯಾರ್ಥಿಗಳು ಗೇಲಿ ಮಾಡದೆ ಬಿಡಲಿಲ್ಲ. ಆ ವರ್ಷ ಅವನ ಸಫಲತೆ ನೂರಕ್ಕೆ 88.